ಇ-ಕ್ಯಾಡ್‌ಹೆರಿನ್: ನೆಗೆಟಿವ್

ಗದಗಿನಿಂದ ಅಕ್ಕ ಡೊಂಬಿವಲಿಯ ನಮ್ಮ ಮನೆಗೆ ಬಂದು ಎರಡು ತಿಂಗಳಾಯಿತು. ಮೊದಲೆಲ್ಲ ಬಂದರೆ ಸಿದ್ಧಿವಿನಾಯಕ, ಮಹಾಲಕ್ಷ್ಮಿ, ದಾದರಿನ ಸೀರೆ ಅಂಗಡಿ ಅಂತ ಒಂದು ವಾರ ಸುತ್ತಾಡಿ, ಚೀಲ ತುಂಬಿಸಿಕೊಂಡು ಗಾಡಿ ಹತ್ತುತ್ತಿದ್ದಳು. ಈ ಸಲ ಹಾಗಲ್ಲ. ಎದೆಯ ಒಂದು ಕಡೆ ಗಟ್ಟಿಯಾದಂತಿದೆ ಅಂತ ಊರಿನ ಡಾಕ್ಟರು ಮುಂಬೈಗೆ ಹೋಗಿ ತೋರಿಸಿ ಅಂದಿದ್ದರು. ಗಂಟು ಅಂತ ಕೈಗೆ ಸಿಗುವಂಥದ್ದೇನೂ ಅಲ್ಲ. ಅದಕ್ಕೇ ಅವಳೂ ಆರು ತಿಂಗಳು ಸುಮ್ಮನಿದ್ದಳು.

ಬಯಾಪ್ಸಿ ರಿಪೋರ್ಟ್ ನನ್ನ ಮೊಬೈಲಿಗೆ ಬಂದಾಗ ನಾನು ಬ್ಯಾಂಕಿನಲ್ಲಿದ್ದೆ. ಮನೆಯಲ್ಲಿ ಕಾಗದ ಪತ್ರ ಓದುವ ಡಿಪಾರ್ಟ್‌ಮೆಂಟು ನನ್ನದೇ. ಕ್ಯಾನ್ಸರ್ ಅನ್ನುವುದು ಮೊದಲ ಸಾಲಿನಲ್ಲೇ ಇತ್ತು. ಕೆಳಗೆ ನಮ್ಮ ಬ್ಯಾಲೆನ್ಸ್ ಶೀಟಿನ ಹಾಗೆ ಒಂದು ಪಟ್ಟಿ. ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್-2 ನೆಗೆಟಿವ್, ಇ-ಕ್ಯಾಡ್‌ಹೆರಿನ್ ನೆಗೆಟಿವ್. ಕೋವಿಡ್ ಕಾಲದಿಂದ ನಮಗೆಲ್ಲ ನೆಗೆಟಿವ್ ಅಂದರೆ ಪೇಢೆ ಹಂಚುವ ಸುದ್ದಿ ತಾನೆ? ಸಂಜೆ ಮನೆಗೆ ಹೋಗಿ, ಹೇಳಬೇಕಾದ್ದನ್ನು ಹೇಳಿ, ಕೊನೆಗೆ ಸಮಾಧಾನಕ್ಕೆ "ಎರಡು ಪಾಸಿಟಿವ್ ಅದಾವ, ಆದ್ರ ಎರಡು ನೆಗೆಟಿವ್ ಸುದ್ದಾ ಅದಾವ ಅಕ್ಕಾ" ಅಂದೆ.

"ನೆಗೆಟಿವ್ ಅಂದ್ರ ಛಲೋ ಹೌದಲ್ಲೋ ತಮ್ಮಾ?"

"ಹೂಂ, ಛಲೋನ."

ಮರುದಿನ ಡಾಕ್ಟರ ಎದುರು ಕುಳಿತಾಗ ನನ್ನ ಪಾಂಡಿತ್ಯ ಬಯಲಾಯಿತು. ಆ ಎರಡು ಪಾಸಿಟಿವ್‌ಗಳೇ ಒಳ್ಳೆಯವಂತೆ, ಮಾತ್ರೆ ಕೆಲಸ ಮಾಡುತ್ತದೆ ಅಂತ ಅರ್ಥ. ಇನ್ನು ಇ-ಕ್ಯಾಡ್‌ಹೆರಿನ್ ಅನ್ನುವುದು ಒಂದು ಜೀವಕೋಶವನ್ನು ಪಕ್ಕದ ಜೀವಕೋಶಕ್ಕೆ ಹಿಡಿದಿಡುವ ಪ್ರೋಟೀನು. ಅದು ನೆಗೆಟಿವ್ ಅಂದರೆ ಈ ಕೋಶಗಳಲ್ಲಿ ಆ ಹಿಡಿತ ಇಲ್ಲ. ಅಕ್ಕನದು ಲೋಬ್ಯುಲರ್ ಅನ್ನುವ ಬಗೆ, ಅದನ್ನು ಗುರುತಿಸುವ ಒಂದು ಮುಖ್ಯ ಗುರುತೇ ಇದು. ಗಂಟು ಕೈಗೆ ಸಿಗದಿದ್ದುದಕ್ಕೂ ಇದೇ ಕಾರಣ. ಅಕ್ಕ ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆಮೇಲೆ ಡಾಕ್ಟರು ಕೇಳಿದ ಪ್ರಶ್ನೆ ವಿಚಿತ್ರವಾಗಿತ್ತು. "ನಿಮ್ಮ ಮನೆತನದಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿತ್ತಾ?"

ಎದೆಯ ಕಾಯಿಲೆಗೆ ಬಂದವರ ಹತ್ತಿರ ಹೊಟ್ಟೆಯ ವಿಚಾರ ಯಾಕೆ? ಆ ರಾತ್ರಿಯಿಂದ ಓದಲು ಕುಳಿತೆ. ನಾನು ಬಿಕಾಂ, ಬಯಾಲಜಿ ಎಸ್ಸೆಸ್ಸೆಲ್ಸಿಗೇ ಕೈಬಿಟ್ಟವನು. ಆದರೆ ಈ ಪ್ರೋಟೀನಿನ ಹಿಂದಿನ ಕಥೆ ಓದುತ್ತಾ ಹೋದರೆ ಬ್ಯಾಂಕಿನವನಿಗೂ ಅರ್ಥವಾಗುವಂತಿದೆ. ಕಥೆ ಕ್ಯಾನ್ಸರಿನಿಂದ ಶುರುವಾಗುವುದೇ ಇಲ್ಲ, ಸಮುದ್ರದ ನೀರಿನಿಂದ ಶುರುವಾಗುತ್ತದೆ.

1900ರಲ್ಲಿ ಜರ್ಮನಿಯ ಕುರ್ಟ್ ಹರ್ಬ್ಸ್ಟ್ ಎಂಬ ಜೀವವಿಜ್ಞಾನಿ ಒಂದು ಪ್ರಯೋಗದ ವಿವರ ಪ್ರಕಟಿಸಿದ. ಸಮುದ್ರದಲ್ಲಿ ಮೈತುಂಬಾ ಮುಳ್ಳಿರುವ ಸೀ ಅರ್ಚಿನ್ ಅನ್ನುವ ಪ್ರಾಣಿ ಇದೆ. ಅದರ ಪುಟ್ಟ ಭ್ರೂಣಗಳನ್ನು ಕ್ಯಾಲ್ಸಿಯಂ ಇಲ್ಲದ ಸಮುದ್ರದ ನೀರಿಗೆ ಹಾಕಿದರೆ ಕೋಶಗಳೆಲ್ಲ ಬಿಡಿಬಿಡಿಯಾಗಿ ಉದುರುತ್ತವೆ. ಕ್ಯಾಲ್ಸಿಯಂ ಇರುವ ನೀರಿಗೆ ವಾಪಸ್ ಹಾಕಿದರೆ ಮತ್ತೆ ಅಂಟಿಕೊಳ್ಳುತ್ತವೆ. ಅಂದರೆ ನಮ್ಮ ಮೈ ಅನ್ನುವುದು ಇಟ್ಟಿಗೆ-ಸಿಮೆಂಟಿನ ಗೋಡೆಯಲ್ಲ, ಪ್ರತಿ ಕೋಶವೂ ಪಕ್ಕದ್ದನ್ನು ಹಿಡಿದುಕೊಂಡಿರುವುದರಿಂದ ಮೈ ಆಗಿದೆ. ನಮ್ಮ ಮುಂಬೈಯ ದಹಿ ಹಂಡಿ ನೆನಪಿಸಿಕೊಳ್ಳಿ. ಕೆಳಗಿನ ಸುತ್ತಿನ ಹುಡುಗರು ತೋಳಿಗೆ ತೋಳು ಹೆಣೆದುಕೊಂಡಿರುವವರೆಗೆ ಮೇಲಿನ ಗೋವಿಂದ ಸುರಕ್ಷಿತ.

ಹಿಡಿಯುವುದು ಏನೋ ಇದೆ, ಅದಕ್ಕೆ ಕ್ಯಾಲ್ಸಿಯಂ ಬೇಕು, ಇಷ್ಟು ಗೊತ್ತಾಯಿತು. ಆದರೆ ಆ ಕೈ ಯಾವುದು? ಎಪ್ಪತ್ತು ವರ್ಷವಾದರೂ ಸಿಗಲಿಲ್ಲ. ನಡುವೆ 1950ರ ದಶಕದಲ್ಲಿ ಮೊಸ್ಕೋನಾ, ಹೋಲ್ಟ್‌ಫ್ರೆಟರ್ ಮೊದಲಾದವರು ಭ್ರೂಣದ ಕೋಶಗಳನ್ನು ಬಿಡಿಸಿ ಬೆರಕೆ ಮಾಡಿದರೂ ಅವು ತಮ್ಮ ತಮ್ಮ ಜಾತಿಯವನ್ನು ಹುಡುಕಿ ಗುಂಪು ಕಟ್ಟುತ್ತವೆ ಅಂತ ತೋರಿಸಿದರು. (ಮಾಟುಂಗಾದಲ್ಲಿ ಇಳಿದ ನಮ್ಮವರು ಮೊದಲು ಕನ್ನಡ ಮಾತಾಡುವ ಖಾನಾವಳಿ ಹುಡುಕಿದ ಹಾಗೆ!) ಇರಲಿ.

ಈಗ ನನಗೆ ಇಡೀ ಕಥೆಯಲ್ಲಿ ಅತಿ ಹೆಚ್ಚು ಇಷ್ಟವಾದ ಭಾಗ. ಜಪಾನಿನ ಮಸಾತೋಶಿ ತಾಕೇಯಿಚಿ, ಹುಟ್ಟಿದ್ದು 1943ರಲ್ಲಿ. ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಕೋಶಗಳ ಅಂಟುಗುಣದ ಮೇಲೆ ಕೆಲಸ ಮಾಡುತ್ತಿದ್ದವರು 1970ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರಿನ ಕಾರ್ನೆಗಿ ಸಂಸ್ಥೆಗೆ ಕೆಲಕಾಲ ಹೋದರು. ಅಲ್ಲಿ ಹಳೆಯ ಪ್ರಯೋಗವನ್ನೇ ಮತ್ತೆ ಮಾಡಿದರು. ಗಾಜಿನ ತಟ್ಟೆಯಲ್ಲಿ ಬೆಳೆದ ಕೋಶಗಳನ್ನು ಟ್ರಿಪ್ಸಿನ್ ಎಂಬ ದ್ರಾವಣ ಹಾಕಿ ಬಿಡಿಸುವುದು, ಮತ್ತೆ ಗುಂಪು ಕಟ್ಟುತ್ತವೆಯೋ ನೋಡುವುದು. ಕ್ಯೋಟೋದಲ್ಲಿ ಸಲೀಸಾಗಿ ಗುಂಪು ಕಟ್ಟುತ್ತಿದ್ದ ಕೋಶಗಳು ಬಾಲ್ಟಿಮೋರಿನಲ್ಲಿ ಕಟ್ಟಲೊಲ್ಲವು. ಅದೇ ಮನುಷ್ಯ, ಅದೇ ವಿಧಾನ, ಲೆಕ್ಕ ಮಾತ್ರ ತಾಳೆಯಾಗುತ್ತಿಲ್ಲ.

ಕೋರ್ ಬ್ಯಾಂಕಿಂಗ್ ಬರುವ ಮೊದಲು ಕೆಲಸಕ್ಕೆ ಸೇರಿದವರಿಗೆ ಇದರ ಸಂಕಟ ಹೇಳಬೇಕಿಲ್ಲ. ನಮ್ಮ ಬ್ರಾಂಚಿನಲ್ಲಿ ಒಂದು ಸಲ ಲೆಡ್ಜರ್ ಬ್ಯಾಲೆನ್ಸಿಂಗ್‌ನಲ್ಲಿ 18 ರೂಪಾಯಿ ವ್ಯತ್ಯಾಸ ಬಂತು. ಕಿಸೆಯಿಂದ ಹಾಕಿ ಮುಗಿಸಿಬಿಡೋಣ ಅಂತ ನಾನಂದೆ. ನಮ್ಮ ಹೆಡ್ ಕ್ಲರ್ಕು ಸುತಾರಾಂ ಒಪ್ಪಲಿಲ್ಲ. "18 ರೂಪಾಯಿ ಅಲ್ಲ ಅದು, ಒಳಗೆ ಇನ್ನೇನು ಕೂತಿದೆಯೋ" ಅಂತ ಮೂರು ರಾತ್ರಿ ಕೂರಿಸಿ ಹುಡುಕಿಸಿದರು. ಎರಡು ಖಾತೆಗಳ ಪೋಸ್ಟಿಂಗ್ ಅದಲು ಬದಲಾಗಿತ್ತು, ಸಾವಿರಗಟ್ಟಲೆ ರೂಪಾಯಿಯದು, ನಿವ್ವಳ ವ್ಯತ್ಯಾಸ ಮಾತ್ರ 18.

ತಾಕೇಯಿಚಿ ಅವರೂ ಆ ಹೆಡ್ ಕ್ಲರ್ಕಿನ ಜಾತಿಯವರೇ. ಎರಡೂ ಲ್ಯಾಬುಗಳ ಬಾಟಲಿಗಳನ್ನು ತಾಳೆ ನೋಡಿದರು. ಬಾಲ್ಟಿಮೋರಿನ ಟ್ರಿಪ್ಸಿನ್ನಿಗೆ ಇಡಿಟಿಎ ಎಂಬ ಇನ್ನೊಂದು ರಾಸಾಯನಿಕ ಬೆರೆಸುತ್ತಿದ್ದರು. ಕ್ಯೋಟೋದ್ದಕ್ಕೆ ಬೆರೆಸುತ್ತಿರಲಿಲ್ಲ. ಇಡಿಟಿಎ ಮಾಡುವ ಕೆಲಸ ನೀರಿನಲ್ಲಿರುವ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದು. ಗುಟ್ಟು ಅಲ್ಲಿತ್ತು. ಕೋಶದ ಮೈಮೇಲಿರುವ ಆ ಹಿಡಿಯುವ ಪ್ರೋಟೀನಿಗೆ ಕ್ಯಾಲ್ಸಿಯಂ ಒಂದು ಕವಚವಿದ್ದ ಹಾಗೆ. ಕ್ಯಾಲ್ಸಿಯಂ ಇದ್ದರೆ ಟ್ರಿಪ್ಸಿನ್ ಅದನ್ನು ತಿನ್ನಲಾರದು, ಇಲ್ಲದಿದ್ದರೆ ತಿಂದು ಹಾಕುತ್ತದೆ. ಬಾಲ್ಟಿಮೋರಿನ ಕೋಶಗಳು ಕೈ ಕಳೆದುಕೊಂಡಿದ್ದವು, ಅಷ್ಟೇ. 1977ರಲ್ಲಿ ಇದನ್ನು ಪ್ರಕಟಿಸಿದರು, ಆ ಲೇಖನಕ್ಕೆ ಅವರೊಬ್ಬರದೇ ಹೆಸರು. ಬೇರೆ ಯಾರಾದರೂ ಆಗಿದ್ದರೆ ಅಮೆರಿಕದ ನೀರು ಸರಿಯಿಲ್ಲ ಅಂತ ಬಾಟಲಿ ಬದಲಿಸಿ ಮುಂದೆ ಹೋಗುತ್ತಿದ್ದರೇನೋ.

ಕ್ಯೋಟೋಗೆ ಮರಳಿದ ಮೇಲೆ ಆ ಪ್ರೋಟೀನನ್ನು ಹಿಡಿಯುವ ಕೆಲಸ. ಇಲಿಯ ಕೋಶಗಳನ್ನು ಬಳಸಿ, ಆ ಒಂದು ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯ ತಯಾರಿಸಿದರು. ಅದನ್ನು ಹಾಕಿದರೆ ಕೂಡಿಕೊಂಡಿದ್ದ ಕೋಶಗಳು ಬೇರೆಯಾಗಬೇಕು. ಆದವು. 1984ರಲ್ಲಿ ಚಿಕಾಕೋ ಯೋಶಿದಾ-ನೋರೋ ಮತ್ತಿತರರ ಜೊತೆ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಕ್ಯಾಡ್‌ಹೆರಿನ್ ಅಂತ ಹೆಸರಿಟ್ಟರು. ಕ್ಯಾಲ್ಸಿಯಂನ ತಲೆ, ಅಂಟುವುದು ಎಂಬರ್ಥದ ಇಂಗ್ಲಿಷ್ ಪದದ ಬಾಲ. ಮುಂದೆ ನರಗಳದು, ಮಾಸುಚೀಲದ್ದು ಅಂತ ಅದರ ಅಣ್ಣತಮ್ಮಂದಿರು ಒಬ್ಬೊಬ್ಬರೇ ಸಿಕ್ಕರು. ಚರ್ಮ, ಜಠರ, ಸ್ತನದ ನಾಳಗಳು, ಹೀಗೆ ಮೈಯ ಒಳಹೊರಗಿನ ಹೊದಿಕೆಗಳಲ್ಲಿ ಇರುವುದು ಇ-ಕ್ಯಾಡ್‌ಹೆರಿನ್. ಈಗ ಆ ಬಳಗದಲ್ಲಿ ನೂರಕ್ಕೂ ಹೆಚ್ಚು ಪ್ರೋಟೀನುಗಳಿವೆ.

ಅಂದ ಹಾಗೆ ಇದನ್ನು ಹುಡುಕುತ್ತಿದ್ದವರು ತಾಕೇಯಿಚಿ ಒಬ್ಬರೇ ಅಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ನೊಬೆಲ್ ವಿಜೇತ ಫ್ರಾಂಸ್ವಾ ಜಾಕೋಬ್ ಅವರ ಗುಂಪಿನಲ್ಲಿ ಜರ್ಮನಿಯ ರೋಲ್ಫ್ ಕೆಮ್ಲರ್ ಇದ್ದರು. ಇಲಿಯ ಭ್ರೂಣ ಎಂಟು ಕೋಶಗಳಾದಾಗ ಬಿಡಿ ದ್ರಾಕ್ಷಿಯಂತಿದ್ದ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಚೆಂಡಿನಂತಾಗುತ್ತವೆ. ಅದನ್ನು ತಡೆಯುವ ಪ್ರತಿಕಾಯವನ್ನು ಅವರು 1977ರಲ್ಲೇ ತೋರಿಸಿದ್ದರು. ಅವರ ಗುಂಪು ಆ ಪ್ರೋಟೀನನ್ನು ಯುವೊಮೊರುಲಿನ್ ಅಂತ ಕರೆಯಿತು. ಕೋಳಿಮರಿಯ ಯಕೃತ್ತಿನಲ್ಲಿ ಸಿಕ್ಕಿದ್ದಕ್ಕೆ ಅಮೆರಿಕದ ಎಡೆಲ್‌ಮನ್ ಗುಂಪು ಎಲ್-ಕ್ಯಾಮ್ ಅಂದಿತು. ಮನುಷ್ಯರ ಕೋಶಗಳಲ್ಲಿ ಸಿಕ್ಕಿದ್ದಕ್ಕೆ ಸೆಲ್-ಕ್ಯಾಮ್ 120/80 ಅಂತ ಇನ್ನೊಂದು ಹೆಸರು. ಒಬ್ಬನೇ ಗಿರಾಕಿ, ನಾಲ್ಕು ಬ್ರಾಂಚಿನಲ್ಲಿ ನಾಲ್ಕು ಸ್ಪೆಲ್ಲಿಂಗಿನ ಖಾತೆ! ಜೀನ್‌ಗಳನ್ನು ಓದಿ ಹೋಲಿಸಿದಾಗ ಕೆವೈಸಿ ಆದಂತಾಗಿ ಎಲ್ಲಾ ಒಂದೇ ಅಂತ ಖಚಿತವಾಯಿತು. 1987ರಲ್ಲಿ ಕ್ಯೋಟೋದ ಗುಂಪು, ಒಂದಕ್ಕೊಂದು ಅಂಟದ ಒಂದು ಬಗೆಯ ಇಲಿ ಕೋಶಗಳಿಗೆ ಈ ಜೀನ್ ಸೇರಿಸಿತು. ಅವು ಅಂಟಿಕೊಂಡವು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಕೆಮ್ಲರ್ ಮುಂದೆ ಇನ್ನೊಂದು ಮುಖ್ಯ ಕೆಲಸ ಮಾಡಿದರು. ಕ್ಯಾಡ್‌ಹೆರಿನ್ನಿನ ಹೊರತುದಿ ಪಕ್ಕದ ಕೋಶದ ಕ್ಯಾಡ್‌ಹೆರಿನ್ ಅನ್ನು ಹಿಡಿಯುತ್ತದೆ ಸರಿ, ಒಳತುದಿಯನ್ನು ಹಿಡಿದಿರುವುದು ಯಾರು? ಅಲ್ಲಿ ಕೆಲವು ಪ್ರೋಟೀನುಗಳು ಸರಪಳಿಯಂತೆ ಜೋಡಿಸಿಕೊಂಡು ಕೋಶದ ಒಳಗಿನ ಚೌಕಟ್ಟಿಗೆ ಬಿಗಿದಿವೆ ಅಂತ 1989ರಲ್ಲಿ ತೋರಿಸಿ, ಲ್ಯಾಟಿನ್ನಿನ ಸರಪಳಿ ಪದದಿಂದ ಕ್ಯಾಟೆನಿನ್ ಅಂತ ಹೆಸರಿಟ್ಟರು. ತಾಕೇಯಿಚಿಗೆ 2005ರ ಜಪಾನ್ ಪ್ರೈಜ್ ಬಂತು. 2020ರಲ್ಲಿ ಕೆನಡಾದ ಗಾರ್ಡ್‌ನರ್ ಪ್ರಶಸ್ತಿಯನ್ನು ಇವರಿಬ್ಬರಿಗೂ ಕೊಟ್ಟರು.

ಇಲ್ಲಿಯವರೆಗೆ ಎಲ್ಲಾ ತಟ್ಟೆಯಲ್ಲಿನ ಕೋಶ, ಇಲಿ, ಕೋಳಿ. ಯಾರ ಮನೆಯ ಅಡುಗೆಮನೆಗೂ ಇದು ಬಂದಿರಲಿಲ್ಲ. 1991ರಲ್ಲಿ ಜರ್ಮನಿಯ ಬಿರ್ಶ್‌ಮೈಯರ್ ಗುಂಪು, ಬೆಲ್ಜಿಯಂನ ಘೆಂಟಿನ ಇನ್ನೊಂದು ಗುಂಪು ಇ-ಕ್ಯಾಡ್‌ಹೆರಿನ್ ಕಳೆದುಕೊಂಡ ಕೋಶಗಳು ಸುತ್ತಲಿನ ಜಾಗಕ್ಕೆ ನುಗ್ಗುತ್ತವೆ, ವಾಪಸ್ ಕೊಟ್ಟರೆ ನುಗ್ಗುವುದು ಕಡಿಮೆಯಾಗುತ್ತದೆ ಅಂತ ತೋರಿಸಿದವು. 1994ರಲ್ಲಿ ಜಠರದ ಒಂದು ಬಗೆಯ ಕ್ಯಾನ್ಸರಿನಲ್ಲೂ, 1995ರಲ್ಲಿ ಸ್ತನದ ಲೋಬ್ಯುಲರ್ ಕ್ಯಾನ್ಸರಿನಲ್ಲೂ ಈ ಜೀನ್ ಕೆಟ್ಟಿರುವುದು ಸಿಕ್ಕಿತು. ಎರಡಕ್ಕೂ ಒಂದು ಹೋಲಿಕೆ ಇದೆ. ಗಂಟಾಗಿ ಕೂರುವುದಿಲ್ಲ, ಕೋಶಗಳು ಒಂಟೊಂಟಿಯಾಗಿ ಹರಡುತ್ತವೆ. ಲೋಬ್ಯುಲರ್‌ನಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಹೋಗುವುದರಿಂದ ಡಾಕ್ಟರುಗಳು ಅದನ್ನು ಇಂಡಿಯನ್ ಫೈಲ್ ಅನ್ನುವುದುಂಟು. ಆ ಇಂಡಿಯನ್ ನಾವಲ್ಲ, ಅಮೆರಿಕದ ಮೂಲನಿವಾಸಿಗಳು. ಪೆನ್ಶನ್ ದಿನ ನಮ್ಮ ಕೌಂಟರಿನ ಮುಂದಿನ ಸಾಲು ನೋಡಿದವರು ಯಾರೂ ಆ ಹೆಸರಿಡಲಾರರು.

ಇವು ರೋಗಿಯ ಗಡ್ಡೆಯಲ್ಲಿ ಮಾತ್ರ ಕೆಟ್ಟ ಜೀನ್‌ಗಳು. ಹುಟ್ಟಿನಿಂದಲೇ ಕೆಟ್ಟು ಬಂದರೆ? ಅದಕ್ಕೆ ಉತ್ತರ ಸಿಕ್ಕಿದ್ದು ಯಾವ ದೊಡ್ಡ ಲ್ಯಾಬಿನ ಯೋಜನೆಯಿಂದಲೂ ಅಲ್ಲ, ನ್ಯೂಜಿಲೆಂಡಿನ ಒಂದು ಮನೆತನದ ಹಟದಿಂದ.

ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಒಂದು ದೊಡ್ಡ ಕುಟುಂಬ, ತೌರಂಗ ಎಂಬ ಊರಿನ ಕಡೆಯವರು. ತಲೆಮಾರುಗಳಿಂದ ಜಠರದ ಕ್ಯಾನ್ಸರಿನಲ್ಲಿ ಜನ ಸಾಯುತ್ತಿದ್ದರು. ಮುದುಕರಾಗಿ ಅಲ್ಲ, ಹರೆಯದಲ್ಲಿ. 1964ರಲ್ಲೇ ಒಬ್ಬ ವೈದ್ಯರು ಇದನ್ನು ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಬರೆದದ್ದು ಪತ್ರಿಕೆಯಲ್ಲಿ ಉಳಿಯಿತು. ಸಾವು ನಿಲ್ಲಲಿಲ್ಲ. ಮೂವತ್ತು ವರ್ಷಗಳಲ್ಲಿ 25 ಜನ ಹೋದರು. ಅದರಲ್ಲಿ ಅತಿ ಚಿಕ್ಕ ವಯಸ್ಸು 14. ಮನೆತನದ ಮೇಲೆ ಮಾಕುತು ಇದೆ ಅಂತ, ಅಂದರೆ ಶಾಪ ತಟ್ಟಿದೆ ಅಂತ ನಂಬಿದವರೂ ಇದ್ದರು. ನಮ್ಮ ಊರುಗಳಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

1990ರ ದಶಕದ ಮಧ್ಯದಲ್ಲಿ ಮೇಬೆಲ್ ಮೆಕ್ಲೌಡ್ ಮತ್ತು ಮನೆಯವರು ದೇಶದ ದಕ್ಷಿಣ ತುದಿಯ ಡ್ಯುನೆಡಿನ್‌ನಲ್ಲಿರುವ ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳನ್ನು ತಾವಾಗಿಯೇ ಸಂಪರ್ಕಿಸಿದರು. ಇದು ರಕ್ತದಲ್ಲಿ ಬರುತ್ತಿದೆ, ಹುಡುಕಿಕೊಡಿ ಅಂತ. ಅಲ್ಲಿ ಪ್ಯಾರಿ ಗಿಲ್‌ಫರ್ಡ್ ಎಂಬ ಯುವ ವಿಜ್ಞಾನಿ ಕೆಲಸ ಕೈಗೆತ್ತಿಕೊಂಡರು. ವಂಶಾವಳಿ ಬರೆದುಕೊಟ್ಟವರು, ನೆಂಟರನ್ನು ಒಪ್ಪಿಸಿ ರಕ್ತದ ಮಾದರಿ ಕೂಡಿಸಿದವರು ಮನೆಯವರೇ. ರೋಗ ಬಂದವರಲ್ಲಿ ಯಾವ ತುಂಡು ಸಮಾನವಾಗಿದೆ ಅಂತ ಎಲ್ಲಾ ಕ್ರೋಮೋಸೋಮುಗಳನ್ನೂ ಜಾಲಾಡುವ ಕೆಲಸ ಅದು. ಬೆರಳು ಹದಿನಾರನೆಯ ಕ್ರೋಮೋಸೋಮಿನ ಮೇಲೆ ನಿಂತಿತು.

ಕ್ಯೋಟೋದ ಬಾಟಲಿ ಇಲ್ಲಿ ಕೆಲಸಕ್ಕೆ ಬಂತು ನೋಡಿ. ಹದಿನಾರರ ಆ ಜಾಗದಲ್ಲಿ ಇ-ಕ್ಯಾಡ್‌ಹೆರಿನ್ನಿನ ಜೀನ್ ಇದೆ ಅಂತ ಆಗಲೇ ಗೊತ್ತಿತ್ತು, ಜಠರದ ಗಡ್ಡೆಗಳಲ್ಲಿ ಅದು ಕೆಡುತ್ತದೆ ಅಂತಲೂ ಗೊತ್ತಿತ್ತು. ನೇರ ಅದನ್ನೇ ಓದಿ ನೋಡಿದರು. 16 ತುಂಡುಗಳಿರುವ ಜೀನಿನಲ್ಲಿ ಏಳನೆಯ ತುಂಡಿನ ಕಟ್ಟಕಡೆಯ ಅಕ್ಷರ ಜಿ ಇರಬೇಕಾದಲ್ಲಿ ಟಿ ಇತ್ತು. ಒಂದೇ ಅಕ್ಷರ. ಆದರೆ ಅದು ತುಂಡುಗಳನ್ನು ಹೊಲಿಯುವ ಜಾಗ, ಹೊಲಿಗೆಯೇ ತಪ್ಪಿ ಪ್ರೋಟೀನು ಹಾಳು. ಇನ್ನೆರಡು ಮಾವೊರಿ ಕುಟುಂಬಗಳಲ್ಲಿ ಅದೇ ಜೀನಿನ ಬೇರೆ ಜಾಗದಲ್ಲಿ ತಪ್ಪು ಸಿಕ್ಕಿತು. 1998ರ ಮಾರ್ಚಿನಲ್ಲಿ ನೇಚರ್ ಪತ್ರಿಕೆಯಲ್ಲಿ ಲೇಖನ ಬಂತು. ಹತ್ತು ಲೇಖಕರ ಪಟ್ಟಿಯಲ್ಲಿ ಮೆಕ್ಲೌಡ್ ಅನ್ನುವ ಹೆಸರು ಎರಡು ಸಲ ಇದೆ. ರಕ್ತ ಕೊಟ್ಟವರನ್ನು ಅಡಿಟಿಪ್ಪಣಿಗೆ ತಳ್ಳುವ ಲೋಕದಲ್ಲಿ ಇದು ನನಗೆ ದೊಡ್ಡ ಸಂಗತಿ ಅನಿಸಿತು.

ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿ, ಅಪ್ಪನದೊಂದು, ಅಮ್ಮನದೊಂದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಎಂದೋ ಒಂದು ದಿನ ಯಾವುದೋ ಒಂದು ಕೋಶದಲ್ಲಿ ಆ ಇನ್ನೊಂದೂ ಕೈಕೊಟ್ಟಾಗ ತೊಂದರೆ ಶುರು. ಕೆಟ್ಟ ಪ್ರತಿ ಇರುವವರ ಮಕ್ಕಳಿಗೆ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಶಾಪಕ್ಕೆ ಒಂದು ವಿಳಾಸ ಸಿಕ್ಕಿತು, ಯಾರಿಗೆ ತಟ್ಟಿದೆ ಯಾರಿಗಿಲ್ಲ ಅಂತ ರಕ್ತ ಪರೀಕ್ಷೆಯಲ್ಲಿ ಹೇಳುವಂತಾಯಿತು. ಇಲ್ಲ ಅಂತ ಬಂದವರು ಬದುಕಿನಲ್ಲಿ ಮೊದಲ ಸಲ ನಿರಾಳವಾಗಿ ಮಲಗಿರಬೇಕು. ಇದೆ ಅಂತ ಬಂದವರು?

ಅವರ ಮುಂದಿದ್ದ ಆಯ್ಕೆ ಕಠಿಣ. ಎಂಡೋಸ್ಕೋಪಿಯಲ್ಲಿ ನೋಡುತ್ತಾ ಇರೋಣವೆಂದರೆ, ಈ ಕೋಶಗಳು ಗಂಟು ಕಟ್ಟದೆ ಒಳಪದರದ ಕೆಳಗೆ ಅಡಗಿರುತ್ತವೆ, ಕ್ಯಾಮೆರಾಕ್ಕೆ ಸಿಗುವುದೇ ಕಷ್ಟ. ಇನ್ನೊಂದು ದಾರಿ, ರೋಗ ಬರುವ ಮೊದಲೇ ಇಡೀ ಜಠರವನ್ನು ತೆಗೆಸಿಬಿಡುವುದು. 2001ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವರದಿ ಓದಿದರೆ ಮೈ ಜುಮ್ಮೆನ್ನುತ್ತದೆ. ಬೇರೆ ಎರಡು ಕುಟುಂಬಗಳ, 22ರಿಂದ 40 ವಯಸ್ಸಿನ, ಯಾವ ತೊಂದರೆಯೂ ಇಲ್ಲದ ಐದು ಜನ ಈ ಜೀನ್ ಇದೆ ಅಂತ ಜಠರ ತೆಗೆಸಿಕೊಂಡರು. ಐದೂ ಜಠರಗಳಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಕ್ಯಾನ್ಸರ್ ಕೋಶಗಳು ಆಗಲೇ ಇದ್ದವು.

ಹಾಗಂತ ಜೀನ್ ಇದ್ದವರೆಲ್ಲರಿಗೂ ರೋಗ ಖಚಿತ ಅಂತಲ್ಲ. 2015ರ ದೊಡ್ಡ ಅಧ್ಯಯನವೊಂದು ಆಯುಷ್ಯದಲ್ಲಿ ಜಠರದ ಕ್ಯಾನ್ಸರ್ ಬರುವ ಸಾಧ್ಯತೆ ಗಂಡಸರಿಗೆ ಶೇ. 70, ಹೆಂಗಸರಿಗೆ ಶೇ. 56 ಅಂದಿತ್ತು. 2019ರ ಇನ್ನೊಂದು ಅಧ್ಯಯನದಲ್ಲಿ ಅದು ಶೇ. 42 ಮತ್ತು 33ಕ್ಕೆ ಇಳಿದಿದೆ. ಯಾಕೆ ಅಂತ ನನಗೆ ಕೂಡಲೇ ಹೊಳೆಯಿತು. ಮೊದಮೊದಲು ಪರೀಕ್ಷೆಗೆ ಬಂದವರೆಲ್ಲ ಮನೆತುಂಬಾ ಸಾವು ಕಂಡವರು. ಬರೀ ಎನ್‌ಪಿಎ ಫೈಲುಗಳನ್ನು ತೆಗೆದು ಲೆಕ್ಕ ಹಾಕಿದರೆ ಸಾಲ ತೆಗೆದುಕೊಂಡವರೆಲ್ಲ ಮುಳುಗಿದವರಂತೆಯೇ ಕಾಣುತ್ತಾರೆ. ಈ ಜೀನ್ ಕೆಟ್ಟ ಹೆಂಗಸರಿಗೆ ಲೋಬ್ಯುಲರ್ ಸ್ತನ ಕ್ಯಾನ್ಸರಿನ ಅಪಾಯವೂ ಜಾಸ್ತಿ. ನಮ್ಮ ಡಾಕ್ಟರು ಹೊಟ್ಟೆಯ ವಿಚಾರ ಕೇಳಿದ್ದು ಅದಕ್ಕೆ. ಆದರೆ ಲೋಬ್ಯುಲರ್ ಬಂದವರಲ್ಲಿ ಬಹುಪಾಲು ಜನಕ್ಕೆ ಇದು ವಂಶದಿಂದ ಬಂದದ್ದಲ್ಲ, ಗಡ್ಡೆಯಲ್ಲಷ್ಟೇ ಕೆಟ್ಟಿರುತ್ತದೆ ಅಂತಲೂ ಅವರು ಎರಡೆರಡು ಸಲ ಹೇಳಿದರು.

ಅಕ್ಕನ ಆಪರೇಶನ್ ಆಗಿ ಮೂರು ವಾರವಾಯಿತು. ಮೊನ್ನೆ ಭಾನುವಾರ ಸೋಫಾದಲ್ಲಿ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು, ನನ್ನಾಕೆ ಬೇಡ ಬೇಡ ಅಂದರೂ ಕೇಳದೆ. ನಾನು ಈ ಕಥೆ ಹೇಳಿದೆ. ಜಪಾನಿನ ಬಾಟಲಿಗೆ ಆಕಳಿಸಿದಳು. ಮಾವೊರಿ ಕುಟುಂಬಕ್ಕೆ ಬಂದಾಗ ಕೈ ನಿಂತಿತು.

"ಹೊಟ್ಟಿನ ತಗದ್ರ ಉಣ್ಣೂದು ಹೆಂಗೋ ಪಾಪ?"

ಅನ್ನನಾಳವನ್ನು ಸೀದಾ ಸಣ್ಣ ಕರುಳಿಗೆ ಜೋಡಿಸುತ್ತಾರೆ, ಸ್ವಲ್ಪ ಸ್ವಲ್ಪ ಅಂತ ದಿನಕ್ಕೆ ಹಲವು ಸಲ ತಿನ್ನಬೇಕು, ತೂಕ ಇಳಿಯುತ್ತದೆ, ಬಿ-12 ಹೊರಗಿನಿಂದ ಕೊಡುತ್ತಲೇ ಇರಬೇಕು, ಆದರೂ ಬದುಕುತ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಜ್ಜನ ಮಾತು ತೆಗೆದಳು. ಅಪ್ಪನ ಅಪ್ಪ, ನಾವಿಬ್ಬರೂ ಹುಟ್ಟುವ ಮೊದಲೇ ಹೊಟ್ಟೆಶೂಲೆಯಲ್ಲಿ ಹೋದವರು. ನಲವತ್ತೈದೋ ಏನೋ. ಹೊಲದ ಬದುವಿನಲ್ಲಿದ್ದ ಗುಡಿಯ ಬನ್ನಿ ಗಿಡ ಕಡಿಸಿದ್ದಕ್ಕೇ ಹಾಗಾಯಿತು ಅಂತ ಅಜ್ಜಿ ಕೊನೆಯವರೆಗೂ ನಂಬಿದ್ದಳು. ಒಂದು ಚೀಟಿ, ಒಂದು ರಿಪೋರ್ಟ್ ಕೂಡ ಇಲ್ಲ. ಡಾಕ್ಟರಿಗೆ ಇದನ್ನು ಹೇಳಿದ್ದಕ್ಕೇ ಅವರು ಜೀನ್ ಪರೀಕ್ಷೆ ಮಾಡಿಸೋಣ ಅಂದಿದ್ದು. ಮೊದಲು ಅಕ್ಕನ ರಕ್ತ, ಅದರಲ್ಲಿ ತಪ್ಪು ಸಿಕ್ಕರೆ ಮಾತ್ರ ಪುಣೆಯಲ್ಲಿರುವ ಅವಳ ಮಗಳದು, ನನ್ನದು, ನನ್ನ ಮಗನದು. ರಕ್ತ ಕೊಟ್ಟು ಹತ್ತು ದಿನವಾಗಿದೆ, ಇನ್ನೂ ಎರಡು ವಾರ ಬೇಕಂತೆ.

"ಈ ಸಲ ರಿಪೋರ್ಟ್ ಬಂದ್ರ ನೀ ಓದಬ್ಯಾಡ ತಮ್ಮಾ," ಅಂದಳು ಅಕ್ಕ, ಸೊಪ್ಪಿನ ಬುಟ್ಟಿ ಎತ್ತಿಕೊಳ್ಳುತ್ತಾ. "ಡಾಕ್ಟರ್ ಕಡೆನ ಓದಸು."